ಬಾಣಂತಿ ಕೋಣೆಯ ಕೆಂಡ

“ಗುರುಗಳೇ, ಉಂಡ ಅನ್ನ ಮೈಯ ಒಂದೊಂದು ಜೀವಕೋಶದಲ್ಲೂ ಉರಿದು ಶಕ್ತಿಯಾಗುತ್ತದೆ ಎನ್ನುತ್ತೀರಿ. ಉರಿಯೂ ಕಾಣದು, ಹೊಗೆಯೂ ಕಾಣದು. ಅದನ್ನು ಬೆಂಕಿ ಎಂದು ನಂಬುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ನೇಕಾರಗಿತ್ತಿ ಇದ್ದಳು. ಅವಳ ಮಗಳಿಗೆ ಎರಡು ಬಸಿರು ನಿಲ್ಲಲಿಲ್ಲ. ಮೂರನೆಯದು ನಿಂತಿತು. ಮಗಳು ತವರಿನಲ್ಲಿ ಹೆತ್ತಳು. ಕೂಸು ಸಣ್ಣದು, ಅದರ ಕೈಕಾಲು ಬೇಗ ತಣ್ಣಗಾಗುತ್ತಿದ್ದವು. ಇದೊಂದು ಉಳಿದರೆ ಸಾಕು ಎಂದು ಅಜ್ಜಿ ಕಂಡ ದೇವರಿಗೆಲ್ಲ ಕೈಮುಗಿದಳು.

ಬಾಣಂತಿಗೆ ಗಾಳಿ ಸೋಕಬಾರದು ಎಂಬುದು ಆ ಕಡೆಯ ರೂಢಿ. ಅಜ್ಜಿ ಕಿಟಕಿ ಮುಚ್ಚಿ, ಸಂದುಗಳಿಗೆಲ್ಲ ಮಗ್ಗದ ಚಿಂದಿ ತುರುಕಿದಳು. ಚಳಿ ಜೋರಾಗಿತ್ತು. ತಾಯಿಗೂ ಕೂಸಿಗೂ ನೀರೆರೆದು ಮಲಗಿಸಿ, ಅಗ್ಗಿಷ್ಟಿಕೆಯ ತುಂಬ ಇದ್ದಿಲ ಕೆಂಡ ತಂದು ಮಂಚದ ಪಕ್ಕ ಇಟ್ಟಳು.

“ಅವ್ವಾ, ತಲೆ ಭಾರ ಆಗ್ತಿದೆ. ಬಾಗಿಲು ಸ್ವಲ್ಪ ತೆಗಿ” ಎಂದಳು ಮಗಳು.

“ಹಸಿ ಮೈಗೆ ಗಾಳಿ ಹೊಕ್ಕರೆ ಬದುಕಿಡೀ ನರಳ್ತೀಯ. ನಿನ್ನ ಹೆತ್ತವಳು ನಾನೋ, ನನ್ನ ಹೆತ್ತವಳು ನೀನೋ? ಸುಮ್ಮನೆ ಮಲಗು.”

ಮಗಳು ಸುಮ್ಮನಾದಳು. ನಿದ್ದೆ ಹತ್ತಿತು ಎಂದುಕೊಂಡು ತಾಯಿ ಬಾಗಿಲು ಎಳೆದುಕೊಂಡು ಹೋಗಿ ಮಗ್ಗಕ್ಕೆ ಕೂತಳು.

ಬಾಣಂತಿಗೆ ಊಟ ಕೊಡಲು ಬಂದು ಕರೆದರೆ ಓಗೊಡುವವರಿಲ್ಲ. ಮಗಳನ್ನು ಜಗಲಿಗೆ ಎಳೆದು ತಂದಾಗ ಅವಳಿಗೆ ಉಸಿರು ಮರಳಿತು. ಕೂಸಿಗೆ ಮರಳಲಿಲ್ಲ. ಆದರೆ ಅದರ ಮೈ ಬೆಚ್ಚಗಿತ್ತು. ಬೆಚ್ಚಗಿದೆ, ಬದುಕಿದೆ ಎಂದು ಅಜ್ಜಿ ಅದನ್ನು ಯಾರ ಕೈಗೂ ಕೊಡದೆ ಸಂಜೆಯವರೆಗೆ ಎದೆಗೊತ್ತಿಕೊಂಡು ಕೂತಿದ್ದಳು. ಆ ಬಿಸಿ ಕೂಸಿನದಾಗಿರಲಿಲ್ಲ. ಕೆಂಡದ್ದು.

ಕೆಂಡ ಉಣ್ಣುವುದೂ ಕೂಸಿನ ಜೀವಕೋಶ ಉಣ್ಣುವುದೂ ಒಂದೇ ಪ್ರಾಣವಾಯು. ಕೆಂಡ ಅದನ್ನು ಗಬಗಬನೆ ತಿಂದು ಕೆಂಪಗೆ ಉರಿಯುತ್ತದೆ. ಜೀವಕೋಶ ಕುಡಿದ ಹಾಲನ್ನು ಮೆಟ್ಟಿಲು ಮೆಟ್ಟಿಲಾಗಿ, ಚೂರು ಚೂರೇ ಉರಿಸುತ್ತದೆ. ಆದ್ದರಿಂದ ಉರಿ ಕಾಣದು, ಮೈ ಸುಡದು. ಗಾಳಿ ಸಾಲದಾದಾಗ ಕೆಂಡ ಕಣ್ಣಿಗೆ ಕಾಣದ ವಿಷಗಾಳಿಯನ್ನೂ ಬಿಡುತ್ತದೆ. ಆ ವಿಷ ರಕ್ತ ಸೇರಿದರೆ, ಉಳಿದ ಪ್ರಾಣವಾಯುವೂ ಜೀವಕೋಶಕ್ಕೆ ತಲುಪದು. ಹೊಟ್ಟೆ ತುಂಬ ಹಾಲಿದ್ದೂ ಆ ಕೂಸಿನ ಒಳಗಿನ ಬೆಂಕಿ ಆರಿತು.

ಶಿಷ್ಯ ಕೇಳಿದ: “ಆಕೆಗೆ ಇದು ತಿಳಿದಿರಲಿಲ್ಲವಲ್ಲ, ಗುರುಗಳೇ?”

“ಈಗ ತಿಳಿದಿದೆ, ತಿಳಿದುಕೊಂಡೇ ಅವಳು ಒಂದೊಂದು ಉಸಿರನ್ನೂ ಎಳೆದುಕೊಳ್ಳಬೇಕು.”