ಗಾಜಿನ ತಟ್ಟೆಯ ರೋಗ

"ಬುದ್ಧಿ, ನನ್ನ ಕೋಪ ಸತ್ತಿದೆ. ನಾನಿನ್ನು ಅಣ್ಣನ ಮನೆಗೆ ಹೋಗಬಹುದೆ?" ಎಂದು ಮರಿಸಿದ್ಧ ಮಠದ ಗುರುಗಳನ್ನು ಕೇಳಿದ.

ಅಣ್ಣನದು ಮೊದಲಿಂದಲೂ ಹರಿತವಾದ ನಾಲಿಗೆ. ಹನ್ನೊಂದು ವರ್ಷದ ಹಿಂದೆ ಮಾತಿಗೆ ಮಾತು ಬೆಳೆದು ಮರಿಸಿದ್ಧ ಅವನ ಮೇಲೆ ಕುಡುಗೋಲು ಎಸೆದಿದ್ದ. ಅಣ್ಣನ ಒಂದು ಕಣ್ಣು ಹೋಯಿತು. ಅಂದೇ ಊರು ಬಿಟ್ಟವನು ಮಠ ಸೇರಿದ. ಜಪ, ಮೌನ, ಉಪವಾಸ, ಯಾವುದನ್ನೂ ಬಿಡಲಿಲ್ಲ. ಈಗ ಅಣ್ಣನೇ ಹೇಳಿಕಳಿಸಿದ್ದಾನೆ: ಆದದ್ದು ಆಯಿತು, ಬಾ, ಕೂಡಿ ಬಾಳೋಣ. ಆ ಮನೆಯಲ್ಲಿ ಮರಿಸಿದ್ಧ ಇನ್ನೂ ಕಂಡಿರದ ಎರಡು ಮಕ್ಕಳಿದ್ದವು. ಅವನು ಬಟ್ಟೆಬರೆ ಗಂಟು ಕಟ್ಟಿಕೊಂಡೇ ಗುರುಗಳ ಮುಂದೆ ಕೂತಿದ್ದ.

ಗುರುಗಳು ಹೋಗು ಎನ್ನಲಿಲ್ಲ, ಬೇಡವೆನ್ನಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಸಂಶೋಧಕನಿದ್ದ. ಕರಿಮೆಣಸಿನ ಬಳ್ಳಿಗೆ ಬರುವ ಸೊರಗು ರೋಗಕ್ಕೆ ಮದ್ದು ಹುಡುಕುವುದು ಅವನ ಕೆಲಸ. ಅದು ಬೂಷ್ಟಿನ ರೋಗ; ಮಳೆಗಾಲದಲ್ಲಿ ಬೇರಿಗೆ ಹತ್ತಿದರೆ ಬಳ್ಳಿ ಎಲೆ ಉದುರಿಸಿ ಕೆಲವೇ ದಿನದಲ್ಲಿ ಸಾಯುತ್ತದೆ. ಮದ್ದು ಹುಡುಕಬೇಕಾದರೆ ರೋಗ ಕೈಯಲ್ಲಿರಬೇಕಲ್ಲ. ಸತ್ತ ಬಳ್ಳಿಯ ಬೇರಿನಿಂದ ಬೂಷ್ಟನ್ನು ತೆಗೆದು ಗಾಜಿನ ತಟ್ಟೆಯಲ್ಲಿ ಸಾಕಿದ. ಕ್ಯಾರೆಟ್ ಬೇಯಿಸಿ ಹಿಂಡಿದ ರಸ ಅದರ ಊಟ. ತಿಂಗಳಿಗೊಮ್ಮೆ ಹೊಸ ತಟ್ಟೆ, ಹೊಸ ರಸ. ಹೆತ್ತ ತಾಯಿಯೂ ಅಷ್ಟು ನಿಯಮದಿಂದ ಉಣಿಸಲಾರಳು. ಹೀಗೆ ಎಂಟು ವರ್ಷ ಕಳೆಯಿತು.

ಕೊನೆಗೆ ಮದ್ದು ಸಿದ್ಧವಾಯಿತು. ಕುಂಡದಲ್ಲಿ ಬೆಳೆಸಿದ ಇಪ್ಪತ್ತು ಬಳ್ಳಿಗಳ ಬೇರಿಗೆ ಆ ಬೂಷ್ಟನ್ನು ಹಚ್ಚಿದ. ಹತ್ತಕ್ಕೆ ಮದ್ದು ಹಾಕಿ ಹತ್ತನ್ನು ಹಾಗೇ ಬಿಡಬೇಕೆಂಬುದು ಆ ವಿದ್ಯೆಯ ಕಟ್ಟಳೆ. ಅವನಿಗೆ ಮನಸ್ಸು ಬರಲಿಲ್ಲ. ತಾನೇ ನೀರೆರೆದು ಬೆಳೆಸಿದ್ದನ್ನು ಬೇಕೆಂದೇ ಸಾಯಿಸುವುದು ಹೇಗೆ? ಇಪ್ಪತ್ತಕ್ಕೂ ಮದ್ದು ಹಾಕಿದ. ಒಂದೂ ಸಾಯಲಿಲ್ಲ.

ಒಬ್ಬ ರೈತನಿಗೆ ಗುಡ್ಡದ ತುಂಬ ಮೆಣಸಿತ್ತು. ಒಂದು ಬಳ್ಳಿ ಬಾಡಿದರೆ ಅದನ್ನೂ ಅಕ್ಕಪಕ್ಕದ ನಾಲ್ಕನ್ನೂ ಅವತ್ತೇ ಕಿತ್ತು ಸುಡುವುದು ಅವನ ಅಪ್ಪನ ಕಾಲದಿಂದ ಬಂದ ಪದ್ಧತಿ. ಸಂಶೋಧಕ ಮದ್ದು ಕೊಟ್ಟು, ಇನ್ನು ಸುಡುವುದು ಬೇಡ ಎಂದ. ಓದಿದವನ ಮಾತು, ರೈತ ನಂಬಿದ. ಆ ಮಳೆಗಾಲದಲ್ಲಿ ಒಂದು ಬಳ್ಳಿ ಬಾಡಿತು. ರೈತ ಕೀಳಲಿಲ್ಲ, ಮದ್ದು ಹಾಕಿದ. ತಿಂಗಳು ತುಂಬುವುದರೊಳಗೆ ಗುಡ್ಡದಲ್ಲಿ ಹೇಳಿಕೊಳ್ಳಲು ಒಂದು ಬಳ್ಳಿಯೂ ಉಳಿಯಲಿಲ್ಲ.

ರೈತ ಬಂದು ಕೂಗಾಡಲಿಲ್ಲ. ಒಂದೇ ಮಾತು ಕೇಳಿದ.

"ಸ್ವಾಮಿ, ಮದ್ದು ಹಾಕ್ದೆ ಬಿಟ್ಟ ಬಳ್ಳಿ ನಿಮ್ಮಲ್ಲಿ ಎಷ್ಟು ದಿನಕ್ಕೆ ಸತ್ತಿತ್ತು?"

"ಒಂದನ್ನೂ ಹಾಗೆ ಬಿಟ್ಟಿರಲಿಲ್ಲ" ಎಂದ ಸಂಶೋಧಕ.

ರೈತ ಹೋದ ಮೇಲೆ ಅವನು ಹೊಸ ಬಳ್ಳಿಯೊಂದಕ್ಕೆ ತಾನು ಸಾಕಿದ ಬೂಷ್ಟನ್ನು ಹಚ್ಚಿದ. ಈ ಸಲ ಮದ್ದು ಹಾಕಲಿಲ್ಲ. ಸಾಯಲಪ್ಪ ಎಂದು ದಿನವೂ ಬೇಡಿಕೊಂಡ. ಇಪ್ಪತ್ತನೆಯ ದಿನ ಬಳ್ಳಿ ಚಿಗುರು ಬಿಟ್ಟಿತು. ಎಂಟು ವರ್ಷ ತಟ್ಟೆಯಲ್ಲಿ ಕೂತು ಉಂಡ ರೋಗ ಕೊಲ್ಲುವುದನ್ನೇ ಮರೆತಿತ್ತು. ಅವನ ಮದ್ದು ಯಾವ ರೋಗವನ್ನೂ ಗೆದ್ದಿರಲಿಲ್ಲ. ಕೊಲ್ಲುವ ರೋಗ ಎಂದಿನಂತೆ ಗುಡ್ಡದ ಮಣ್ಣಿನಲ್ಲೇ ಇತ್ತು. ಆ ಚಿಗುರಿನ ಮುಂದೆ ಕೂತು ಅವನು ಅತ್ತ.

ಇಷ್ಟಕ್ಕೆ ಗುರುಗಳು ಕತೆ ಮುಗಿಸಿದರು. ಮರಿಸಿದ್ಧನಿಗೆ ಸಂಶೋಧಕನ ಮೇಲೆ ಕನಿಕರ ಬಂತು.

"ಪಾಪ, ಅವನ ದಯೆಯೇ ಅವನಿಗೆ ಮುಳುವಾಯಿತು ಬುದ್ಧಿ. ನನ್ನದು ಹಾಗಲ್ಲ. ಹನ್ನೊಂದು ವರ್ಷದಲ್ಲಿ ನನಗೆ ಒಂದು ದಿನವೂ ಸಿಟ್ಟು ಬಂದಿಲ್ಲ" ಎಂದ.

"ಈ ಹನ್ನೊಂದು ವರ್ಷದಲ್ಲಿ ಇಲ್ಲಿ ನಿನ್ನನ್ನು ಬೈದವರು ಯಾರಪ್ಪ?" ಎಂದರು ಗುರುಗಳು.