ಗಾಳಿಯ ಪಾಳಿ

ಬೆಟ್ಟದ ಮೇಲಿನ ಒಂದು ಶಿಬಿರದಲ್ಲಿ ನಾಲ್ವರು ಯುವತಿಯರು ಮ್ಯಾರಥಾನ್ ಓಟಕ್ಕೆ ತಯಾರಾಗುತ್ತಿದ್ದರು. ಅವರಲ್ಲಿ ನಿಂಗವ್ವನೇ ಹೆಚ್ಚು ವೇಗದವಳು.

ಎದುರುಗಾಳಿಯಲ್ಲಿ ಮುಂದೆ ಓಡುವವಳಿಗೆ ಆಯಾಸ ಹೆಚ್ಚು. ಅವಳ ಬೆನ್ನ ಹಿಂದೆ ಓಡುವವರಿಗೆ ಗಾಳಿ ಅಷ್ಟು ತಾಗುವುದಿಲ್ಲ. ಹಾಗಾಗಿ ಶಿಬಿರದಲ್ಲಿ ಒಂದು ಪದ್ಧತಿಯಿತ್ತು. ಪ್ರತಿ ಕಿಲೋಮೀಟರಿಗೆ ಒಬ್ಬಳು ಮುಂದೆ ಬಂದು ಗಾಳಿಗೆ ಎದೆಯೊಡ್ಡಬೇಕು. ಅದನ್ನು ಅವರು ಗಾಳಿಯ ಪಾಳಿ ಎನ್ನುತ್ತಿದ್ದರು.

ನಿಂಗವ್ವನಿಗೆ ಇದು ಹಿಡಿಸಲಿಲ್ಲ. ಒಮ್ಮೆ ತನ್ನ ಪಾಳಿ ಬಂದಾಗ ಪಕ್ಕಕ್ಕೆ ಸರಿದು, "ನಿಮಗ ಗಾಳಿ ತಡ್ಯಾಕ ನಾನೇನ್ ಗ್ವಾಡಿ ಏನ್?" ಎಂದಳು. ಮರುದಿನದಿಂದ ಎಲ್ಲರಿಗಿಂತ ಮೊದಲೇ ಎದ್ದು ಒಬ್ಬಳೇ ಓಡತೊಡಗಿದಳು. ಉಳಿದ ಮೂವರಲ್ಲಿ ಒಬ್ಬಳಾದ ಕೊಡಗಿನ ಬೊಳ್ಳಮ್ಮ ಒಂದೆರಡು ಸಲ ಜೊತೆಗೆ ಕರೆದು ನೋಡಿ ಕೈಬಿಟ್ಟಳು. ಊಟಕ್ಕೆ ಕೂತಾಗಲೂ ನಿಂಗವ್ವನ ಪಕ್ಕದ ಕುರ್ಚಿ ಖಾಲಿ ಉಳಿಯತೊಡಗಿತು.

ಆ ವರ್ಷ ನಾಲ್ವರೂ ವಿದೇಶದ ಒಂದು ದೊಡ್ಡ ನಗರದ ಮ್ಯಾರಥಾನಿಗೆ ಹೋದರು. ಗೊತ್ತುಪಡಿಸಿದ ಸಮಯದೊಳಗೆ ಓಟ ಮುಗಿಸಿದವರಿಗೆ ದೇಶದ ತಂಡದಲ್ಲಿ ಜಾಗವಿತ್ತು. ಓಟದ ಹಿಂದಿನ ದಿನ ತರಬೇತುದಾರ ಫಕೀರಪ್ಪ ಸರ್ ನಿಂಗವ್ವನಿಗೆ ಒಂದೇ ಮಾತು ಹೇಳಿದರು: ನಡುವೆ ಒಂಟಿಯಾದರೆ ವೇಗ ತಗ್ಗಿಸಿ ಹಿಂದಿನವರನ್ನು ಕೂಡಿಕೊ.

ಅರ್ಧ ದಾರಿಯಲ್ಲಿ ಅವಳು ಒಂಟಿಯಾದಳು. ಮುಂದಿನ ಗುಂಪು ದೂರ ಹೋಗಿತ್ತು. ಬೊಳ್ಳಮ್ಮ ಮತ್ತು ಉಳಿದಿಬ್ಬರು ಹಿಂದೆ, ಕೂಗಿದರೆ ಕೇಳುವಷ್ಟು ದೂರದಲ್ಲಿದ್ದರು. ರಸ್ತೆ ಕಡಲ ಕಡೆಗೆ ತಿರುಗಿತು. ಅಲ್ಲಿ ಚಪ್ಪಾಳೆ ತಟ್ಟುವವರು ಇರಲಿಲ್ಲ. ಗಾಳಿ ಎದುರಿನಿಂದ ಬೀಸುತ್ತಿತ್ತು. ನಿಂಗವ್ವ ಒಮ್ಮೆ ತಿರುಗಿ ನೋಡಿದಳು. ಅವರಿಗಾಗಿ ಕಾಯುವುದು ಅವಮಾನ ಎನಿಸಿತು. ಓಡಿದಳು. ತನ್ನ ಉಸಿರು, ತನ್ನ ಹೆಜ್ಜೆಯ ಸದ್ದು. ಬೇರೆ ಏನೂ ಇಲ್ಲ.

ಕಡಲ ದಾರಿ ಮುಗಿಯುವ ಮೊದಲೇ ಕಾಲುಗಳು ಸೋತವು. ಪಾಳಿಯ ಮೇಲೆ ಓಡುತ್ತ ಬಂದ ಮೂವರೂ ಅವಳನ್ನು ಹಿಡಿದರು. ಸಾಲಿನ ಕೊನೆಯಲ್ಲಿದ್ದ ಬೊಳ್ಳಮ್ಮ ತಲೆ ತಿರುಗಿಸಿ, ನಿಂಗವ್ವನದೇ ಮಾತಿನಲ್ಲಿ ಕರೆದಳು:

"ಹಿಂದ ಬಾರವ್ವ. ಗ್ವಾಡಿ ಐತಿ."

ನಿಂಗವ್ವ ಅವಳ ಹಿಂದೆ ಸೇರಿಕೊಂಡಳು. ಗಾಳಿ ಒಮ್ಮೆಲೇ ನಿಂತಂತಾಯಿತು. ಆದರೆ ಇನ್ನೊಬ್ಬರ ಬೆನ್ನ ಹಿಂದೆ ಓಡಬೇಕಾದರೆ ಅವರ ಹೆಜ್ಜೆಗೆ ಹೆಜ್ಜೆ ಹೊಂದಿಸಬೇಕು. ಅದನ್ನು ಅವಳು ಕಲಿತಿರಲಿಲ್ಲ. ಹತ್ತಿರ ಹೋದರೆ ಬೊಳ್ಳಮ್ಮನ ಹಿಮ್ಮಡಿ ತುಳಿಯುತ್ತಿದ್ದಳು. ದೂರ ಸರಿದರೆ ಗಾಳಿ ಹೊಡೆಯುತ್ತಿತ್ತು. ಮತ್ತೊಮ್ಮೆ ತುಳಿದಾಗ ಬೊಳ್ಳಮ್ಮ ಮುಗ್ಗರಿಸಿದಳು. ನಿಂಗವ್ವ ತಾನಾಗಿಯೇ ಹಿಂದೆ ಉಳಿದಳು.

ಮೂವರೂ ಸಮಯದೊಳಗೆ ಗುರಿ ಮುಟ್ಟಿದರು. ನಿಂಗವ್ವ ತಡವಾಗಿ ಬಂದಳು.

ಶಿಬಿರಕ್ಕೆ ಮರಳಿದ ಮೇಲೆ ಅವಳು ಬೆಳಿಗ್ಗೆ ಬೇಗ ಹೊರಡಲಿಲ್ಲ. ಗೇಟಿನ ಬಳಿ ನಿಂತಿದ್ದಳು. ಆ ಮೂವರು ದೇಶದ ತಂಡಕ್ಕೆ ಹೋಗಿಯಾಯಿತಲ್ಲ, ಇನ್ನು ಯಾರಿಗೆ ಕಾಯುತ್ತಿದ್ದೀಯ ಎಂದು ಫಕೀರಪ್ಪ ಸರ್ ಕೇಳಿದರು.

"ಗೊತ್ತೈತ್ರಿ ಸರ್," ಎಂದಳು ನಿಂಗವ್ವ. "ಕಾಯೂದು ಕಲ್ಯಾಕತ್ತೀನಿ."

ನೀತಿ: ಜೊತೆಗೂಡುವುದೂ ಒಂದು ಅಭ್ಯಾಸ. ಬಲವಿದ್ದಾಗ ಅದನ್ನು ಕಲಿಯದವರಿಗೆ, ಬಲ ಕುಂದಿದಾಗ ಆಸರೆ ಸಿಕ್ಕರೂ ದಕ್ಕದು.