ಹಿಂದೆ ಬರುತ್ತಿದ್ದವಳು

“ಗುರುಗಳೇ, ನಾನು ಯಾರ ತಂಟೆಗೂ ಹೋಗುವವನಲ್ಲ. ಯಾರೇ ಬಂದರೂ ಪಕ್ಕಕ್ಕೆ ಸರಿದು ದಾರಿ ಬಿಡುತ್ತೇನೆ. ಒಳ್ಳೆಯವನಾಗಿ ಬಾಳಲು ಇಷ್ಟು ಸಾಲದೇ?” ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕು ಒಂದು ಕತೆ ಹೇಳಿದರು.

ಒಂದು ಮರುಭೂಮಿಯಲ್ಲಿ ಒಂದು ಕಾಲುದಾರಿ, ಅದರ ಕೊನೆಗೊಂದು ಗುಡ್ಡ. ಗುಡ್ಡದ ನೆತ್ತಿಯಿಂದ ಸೂರ್ಯ ಮುಳುಗುವುದನ್ನು ನೋಡಲು ಕೆಲವರು ನಡೆದು ಹೋಗುತ್ತಿದ್ದರು, ಕೆಲವರು ಸೈಕಲ್ ತುಳಿದು ಹೋಗುತ್ತಿದ್ದರು. ದಾರಿ ಇಕ್ಕಟ್ಟಿನದು. ಹಾಗಾಗಿ ಅಲ್ಲೊಂದು ರೂಢಿಯಿತ್ತು. ಹಿಂದಿನಿಂದ ಬೆಲ್ ಕೇಳಿಸಿದರೆ ನಡೆಯುವವನು ಪಕ್ಕಕ್ಕೆ ನಿಲ್ಲಬೇಕು. ಸವಾರ ದಾಟುವಾಗ, ತನ್ನ ಹಿಂದೆ ಇನ್ನೆಷ್ಟು ಜನ ಬರುತ್ತಿದ್ದಾರೆಂದು ಹೇಳಿ ಹೋಗಬೇಕು.

ಒಬ್ಬ ವ್ಯಾಪಾರಿ ಆ ಗುಡ್ಡ ಹತ್ತಬೇಕೆಂದು ಎಷ್ಟೋ ವರ್ಷ ಆಸೆಪಟ್ಟು ಕೊನೆಗೂ ಹೊರಟಿದ್ದ. ಖುಷಿಗೆ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಗುಡ್ಡ ಇನ್ನೇನು ಸಿಕ್ಕಿತು ಎನ್ನುವಾಗ ಬೆಲ್ ಕೇಳಿಸಿತು. ಗೊಣಗುತ್ತಾ ಮರಳಿಗಿಳಿದ.

“ಹಿಂದೆ ನನ್ನ ತಂಗಿ ಬರ್ತಿದ್ದಾಳೆ ಅಣ್ಣಾ, ಅವಳೊಬ್ಬಳೇ,” ಎಂದು ಹೇಳಿ ಸವಾರ ದಾಟಿಹೋದ.

ವ್ಯಾಪಾರಿ ಕಾದ. ಯಾರೂ ಬರಲಿಲ್ಲ. ಸೂರ್ಯ ಇಳಿಯುತ್ತಿದ್ದ. ಸಿಟ್ಟಿನಿಂದ ಮತ್ತೆ ದಾರಿಗೆ ಹತ್ತಿ ನಾಲ್ಕು ಹೆಜ್ಜೆ ಹಾಕಿದ. ಮುಂದೆ ಕಾಲೇ ಬರಲಿಲ್ಲ. ಬರುತ್ತಾಳೆ ಎಂದವಳು ಬರಲಿಲ್ಲವೆಂದರೆ ಎಲ್ಲಿ ಹೋದಳು? ಗುಡ್ಡದ ಕಡೆ ಒಮ್ಮೆ ನೋಡಿದ. ಸಂಕಟವಾಯಿತು. ಆದರೂ ತಿರುಗಿ ಓಡಿದ. ಗಲ್ಲಾದ ಹಿಂದೆ ಕೂತು ಬೆಳೆಸಿದ ಹೊಟ್ಟೆಯನ್ನು ಹೊತ್ತುಕೊಂಡು, ಧೋತರ ಎತ್ತಿಕಟ್ಟಿ, ಬಂದ ದಾರಿಯಲ್ಲೇ ಓಡಿದ.

ಒಂದು ತಿರುವಿನಲ್ಲಿ ಚಕ್ರದ ಗುರುತು ದಾರಿ ತಪ್ಪಿ ಕೆಳಕ್ಕೆ ಜಾರಿತ್ತು. ಕೆಳಗಿನ ಒಣಹಳ್ಳದಲ್ಲಿ ಹುಡುಗಿ ಬಿದ್ದಿದ್ದಳು. ಕಾಲು ಮುರಿದಿತ್ತು. ಕೂಗಿ ಕೂಗಿ ಗಂಟಲು ಕಟ್ಟಿಹೋಗಿತ್ತು. ವ್ಯಾಪಾರಿ ತನ್ನಲ್ಲಿದ್ದ ನೀರನ್ನೆಲ್ಲ ಕುಡಿಸಿದ. ಆದರೆ ಅವಳನ್ನು ಮೇಲೆತ್ತುವುದು ಒಬ್ಬನ ಕೈಲಿ ಆಗುವ ಕೆಲಸವಾಗಿರಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಕತ್ತಲು ಕವಿಯುತ್ತಿತ್ತು.

ಅಷ್ಟರಲ್ಲಿ ಮೇಲೆ ಬೆಲ್ ಕೇಳಿಸಿತು. ತಂಗಿ ಕಾಣದೆ ಗಾಬರಿಯಾದ ಅಣ್ಣ ಇದ್ದ ಬಲವನ್ನೆಲ್ಲ ಹಾಕಿ ತುಳಿಯುತ್ತಾ ವಾಪಸು ಬರುತ್ತಿದ್ದ. ಆ ವೇಗದಲ್ಲಿ ಅವನಿಗೆ ಹಳ್ಳದಲ್ಲಿ ಬಿದ್ದ ತಂಗಿ ಕಾಣುವಂತಿರಲಿಲ್ಲ. ವ್ಯಾಪಾರಿ ಕೈಕಾಲು ಊರಿ ಮೇಲೆ ಹತ್ತಿ, ದಾರಿಯ ನಟ್ಟನಡುವೆ ಎರಡೂ ತೋಳು ಚಾಚಿ ನಿಂತ.

“ಸರೀರಿ, ಪಕ್ಕಕ್ಕೆ ಸರೀರಿ,” ಎಂದು ಸವಾರ ಕೂಗಿದ.

ವ್ಯಾಪಾರಿ ಕಣ್ಣು ಮುಚ್ಚಿಕೊಂಡ, ಆದರೆ ಸರಿಯಲಿಲ್ಲ. ಸೈಕಲ್ಲು ಅವನ ಹೊಟ್ಟೆಗೆ ತಾಗಿ ನಿಂತಿತು.

ಇಬ್ಬರೂ ಸೇರಿ ಹುಡುಗಿಯನ್ನು ಮೇಲೆತ್ತಿದರು. ಸೈಕಲ್ ಮೇಲೆ ಕೂರಿಸಿ ತಳ್ಳುತ್ತಾ ಊರು ಸೇರಿಸಿದರು. ಅವಳು ಬದುಕಿದಳು. ವ್ಯಾಪಾರಿ ಅಂದು ಗುಡ್ಡ ಹತ್ತಲಿಲ್ಲ. ಹತ್ತಿದ್ದರೂ ಅಷ್ಟು ಸಂತೋಷ ಆಗುತ್ತಿತ್ತೋ ಇಲ್ಲವೋ.

ಕತೆ ಕೇಳುತ್ತಾ ಶಿಷ್ಯ ಕೂತಲ್ಲಿಂದ ಮುಂದೆ ಸರಿದಿದ್ದ. “ಗುರುಗಳೇ, ಆ ದಾರಿಯಲ್ಲಿ ವ್ಯಾಪಾರಿಯ ಹಿಂದೆಯೂ ಜನ ನಡೆದು ಬರುತ್ತಿದ್ದಿರಬೇಕು. ತಂಗಿ ಬರುತ್ತಿದ್ದಾಳೆಂದು ಸವಾರ ಅವರಿಗೂ ಹೇಳಿಯೇ ದಾಟಿರುತ್ತಾನೆ. ಅವರೇನು ಮಾಡಿದರು?” ಎಂದು ಕೇಳಿದ.

ಗುರುಗಳು ಹೇಳಿದರು: “ಅವರೂ ನಿನ್ನಂತೆ ಒಳ್ಳೆಯವರಪ್ಪ, ಎದುರಿಗೆ ಓಡಿಬಂದ ವ್ಯಾಪಾರಿಗೂ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.”